ಬೋಗಿಮನೆಯ ಡಿಂಪ್ನಾ

ಮನೆ ಕಟ್ಟಿಸಿ ಬಾಳಿದವರುಂಟು, ಬಾಡಿಗೆಗೆ ಹಿಡಿದು ಬಾಳಿದವರುಂಟು. ರೈಲು ಹತ್ತಿ ಕೂತು, ಒಂದು ಗೇಣೂ ಮುಂದೆ ಹೋಗದೆ ಸಂಸಾರ ಮಾಡಿದವಳು ನಮ್ಮ ಲೀಟ್ರಿಮ್ ಸೀಮೆಯಲ್ಲಿ ಒಬ್ಬಳೇ. ಅವಳ ಹೆಸರು ಡಿಂಪ್ನಾ ಮುಲ್ವಿಹಿಲ್.

ಗಂಡ ಬಾರ್ಟ್ಲಿ ನಮ್ಮ ಸಣ್ಣ ಹಳಿಯ ರೈಲಿನಲ್ಲಿ ಗ್ಯಾಂಗ್‌ಮನ್ ಆಗಿದ್ದ. ಮದುವೆಯಾದ ಮರುವರ್ಷ ಆ ರೈಲೇ ನಿಂತುಹೋಯಿತು. ಹಳಿ ಕಿತ್ತು ಗುಜರಿಗೆ ಹಾಕಿದರು, ಬೋಗಿಗಳನ್ನು ಹರಾಜು ಕೂಗಿದರು. ಒಬ್ಬ ಕೋಳಿ ಸಾಕಲು ಒಯ್ದ, ಇನ್ನೊಬ್ಬ ಹುಲ್ಲು ತುಂಬಲು ಒಯ್ದ. ಬಾರ್ಟ್ಲಿ ಹೊಸ ಹೆಂಡತಿಯನ್ನು ಇಡಲು ಒಯ್ದ. ಚಕ್ರಗಳು ಆಗಲೇ ಗುಜರಿ ಸೇರಿದ್ದವು. ಸರೋವರದ ದಂಡೆಯ ಹುಲ್ಲುಗಾವಲಿನಲ್ಲಿ ಹಳಿಯಡಿ ಹಾಸುವ ಹಳೇ ಸ್ಲೀಪರ್ ದಿಮ್ಮಿಗಳನ್ನು ಜೋಡಿಸಿ, ಅದರ ಮೇಲೆ ಬೋಗಿಯನ್ನು ಕೂರಿಸಿ, "ಮನೆ ಕಟ್ಟೋವರೆಗೆ ಇಲ್ಲಿರೋಣ" ಅಂದ. ಮನೆ ಕಟ್ಟುವ ಕಾಲ ಬರಲೇ ಇಲ್ಲ. ಒಂದು ತುದಿಯಲ್ಲಿ ಒಲೆ, ಇನ್ನೊಂದು ತುದಿಯಲ್ಲಿ ಹಾಸಿಗೆ. ಚಾವಣಿಗೆ ತೂತು ಕೊರೆದು ಚಿಮಣಿ ಇಟ್ಟರು. ಒಲೆಗೆ ಟರ್ಫ್, ಅಂದರೆ ಜೌಗುನೆಲದಿಂದ ಕಡಿದು ಒಣಗಿಸಿದ ಮಣ್ಣಹೆಂಟೆ, ಒಟ್ಟಿ ಹೊಗೆ ಎದ್ದಾಗ, ರಸ್ತೆಯಲ್ಲಿ ಹೋಗುವವರಿಗೆ ಆ ಬೋಗಿ ಇನ್ನೇನು ಹೊರಟೇ ಬಿಡುತ್ತದೆ ಅನ್ನಿಸುತ್ತಿತ್ತು.

ಟಪಾಲಿನವನು ದಿನಾ ಸೈಕಲ್ ನಿಲ್ಲಿಸಿ ಕೂಗುವನು: "ಡಿಂಪ್ನಾ, ಇದು ಯಾವ ಸ್ಟೇಷನ್ನೇ?"

"ಸಿಗ್ನಲ್ ಸಿಕ್ಕಿಲ್ಲ ಕಣೋ, ಕಾಯ್ತಿದ್ದೀವಿ. ನೀನು ಹಳಿ ಮೇಲಿಂದ ಆಚೆ ನಿಂತ್ಕೋ!"

ಮಗ ಲೋರ್ಕನ್ ಆ ಬೋಗಿಯಲ್ಲೇ ಹುಟ್ಟಿದ. ಮಾತು ಕಲಿತದ್ದೇ ತಡ, ಕಿಟಕಿಯ ಚರ್ಮದ ಪಟ್ಟಿ ಹಿಡಿದುಕೊಂಡು ಒಂದೇ ಪ್ರಶ್ನೆ: "ಅಮ್ಮಾ, ನಮ್ಮನೆ ಯಾವಾಗ ಹೊರಡುತ್ತೆ?"

ಸೀಟಿನ ಮೇಲ್ಗಡೆ ಪ್ರಯಾಣಿಕರು ಸಾಮಾನು ಇಡುತ್ತಿದ್ದ ಬಲೆ ಇನ್ನೂ ಹಾಗೇ ತೂಗುತ್ತಿತ್ತು. ಡಿಂಪ್ನಾ ಅದನ್ನು ತೋರಿಸಿ, "ಆ ಬಲೆ ನಿನ್ನ ಕೈಗೆ ಎಟುಕಿದ ದಿನ ಹೊರಡುತ್ತೆ" ಅಂದಳು. ಅಂದಿನಿಂದ ಹುಡುಗನಿಗೆ ಬೆಳೆಯುವುದೇ ಕೆಲಸ. ಪ್ರತಿ ಹುಟ್ಟುಹಬ್ಬಕ್ಕೆ ಬಾಗಿಲ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುವನು, ಬಾರ್ಟ್ಲಿ ಚೂರಿಯಿಂದ ತಲೆಯ ಮಟ್ಟಕ್ಕೆ ಒಂದು ಗೀರು ಕೊರೆಯುವನು. "ಹಿಮ್ಮಡಿ ಕೆಳಗಿಡೋ ಕಳ್ಳಾ" ಅಂತ ಅಪ್ಪ ಗದರಿದರೆ, "ಶೂ ಒಳಗೆ ಕಾಲೇ ದಪ್ಪ ಆಗಿದೆ ಅಪ್ಪಾ" ಅನ್ನುವನು.

ಒಂದು ಚಳಿಗಾಲ ತಲೆಗೆ ಏರಿದ ಜ್ವರ ಲೋರ್ಕನ್‌ನನ್ನು ಕರೆದುಕೊಂಡು ಹೋಯಿತು. ಬಲೆಗೂ ಅವನ ಬೆರಳಿಗೂ ನಡುವೆ ಒಂದು ಮೊಳ ಉಳಿದಿತ್ತು.

ಆಮೇಲೂ ಡಿಂಪ್ನಾ ಟಪಾಲಿನವನಿಗೆ ಉತ್ತರ ಕೊಡುತ್ತಲೇ ಇದ್ದಳು. ಈಸ್ಟರ್ ಬಂದರೆ ಬೋಗಿಗೆಲ್ಲ ಹೊಸ ಬಣ್ಣ ಬಳಿಯುವಳು. ಆ ಒಂದು ಕಂಬಕ್ಕೆ ಮಾತ್ರ ಕುಂಚ ತಾಗಿಸಲಿಲ್ಲ.

ಬಾರ್ಟ್ಲಿಯೂ ಹೋದ. ಬೋಗಿಯ ಬುಡಕ್ಕೆ ನೀರು ಹತ್ತಿತು, ಡಿಂಪ್ನಾಳ ಎದೆಗೂ ಶೀತ ಹತ್ತಿತು. ಕೌನ್ಸಿಲಿನವರು ಊರೊಳಗೆ ಒಂದು ಬೆಚ್ಚನೆಯ ಮನೆ ಕೊಟ್ಟರು. ಆಗ ನಾವು ಹೋದೆವು.

ನಾವು ಅಂದರೆ ಹಳೇ ರೈಲಿನ ಹುಚ್ಚರು. ಊರವರು ನಮ್ಮನ್ನು ತುಕ್ಕು ಗಿರಾಕಿಗಳು ಅನ್ನುತ್ತಾರೆ. ಕಿತ್ತುಹೋದ ಹಳಿಯನ್ನು ಒಂದಿಷ್ಟು ದೂರ ಮತ್ತೆ ಹಾಸಿ, ಗುಜರಿಯ ಬಾಯಿಂದ ಎಳೆದು ತಂದ ಉಗಿ ಇಂಜಿನ್ ಓಡಿಸುತ್ತಿದ್ದೆವು. ಅದರ ಹಿಂದೆ ಕಟ್ಟಲು ಆ ಕಾಲದ ಬೋಗಿಯೊಂದು ಬೇಕಿತ್ತು. ನಮ್ಮ ಬಡಗಿ ಹ್ಯೂಬರ್ಟ್ ಬ್ರೆಸ್ಲಿನ್ ಮೊದಲು ದೋಣಿ ಮಾಡುತ್ತಿದ್ದವನು. ಹುಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು ಅನ್ನುವ ಹಟದವನು. ಒಂದು ತಿರುಪು ಬೇರೆ ಕಾಲದ್ದಾದರೂ ಅವನಿಗೆ ನಿದ್ದೆ ಬಾರದು. ಹೋದವನೇ ಬಾಗಿಲ ಮೂಲೆಯಲ್ಲಿ ಬಣ್ಣ ಕೆರೆಯತೊಡಗಿದ.

"ಏನಪ್ಪಾ, ಆಲೂಗಡ್ಡೆ ಸುಲಿದ ಹಾಗೆ ನನ್ನ ಮನೆ ಸುಲೀತಿದ್ದೀಯ?"

"ನೋಡಿಲ್ಲಿ ಮಿಸೆಸ್ ಮುಲ್ವಿಹಿಲ್! ಬಿಳಿ ಕೆಳಗೆ ಹಸಿರು, ಹಸಿರು ಕೆಳಗೆ ನೀಲಿ, ಅದರ ಕೆಳಗೆ ಕೆಂಪು! ಇದೇ ಇದರ ಮೊದಲ್ನೇ ಬಣ್ಣ!"

"ಅಯ್ಯೋ, ಇಷ್ಟೊಂದು ಒಳಲಂಗ ಹಾಕ್ಕೊಂಡಿತ್ತಾ ಇದು! ಸಾಕು ನಿಲ್ಸು, ಮಾನ ಹೋಗುತ್ತೆ ಅದಕ್ಕೆ."

ಚಹಾ ಕೊಟ್ಟಳು, ಸೋಡಾ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟಳು. ಬೋಗಿಯನ್ನೂ ಸುಮ್ಮನೇ ಕೊಟ್ಟಳು. ಕಂಬದ ಗೀರುಗಳನ್ನು ತೋರಿಸಿ, ಅವು ಯಾರವು, ಏಕೆ ಅಂತ ಹ್ಯೂಬರ್ಟ್‌ಗೆ ಹೇಳಿ, "ಈ ಕಂಬ ಮಾತ್ರ ಹಾಗೇ ಇರ್ಲಿ" ಅಂದಳು.

ಹ್ಯೂಬರ್ಟ್ ಮಂಡಿಯೂರಿ ಕಂಬದ ಬುಡ ಒತ್ತಿ ನೋಡಿದ. ಬೆರಳು ಒಳಗೆ ಹೋಯಿತು. "ಸುಳ್ಳು ಹೇಳಲ್ಲ ನಿಮಗೆ. ಬುಡ ಕೊಳೆತಿದೆ. ಇದಕ್ಕೆ ಬಾಗಿಲು ತೂಗಿಸಿದ್ರೆ ದಾರೀಲೇ ಉದುರುತ್ತೆ."

ಡಿಂಪ್ನಾ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದಳು. "ಹಾಗಾದ್ರೆ ತೆಗೆದು ಜೋಪಾನ ಮಾಡು. ಮೊದಲ ಸಲ ಹೊರಡೋ ದಿನ ನನ್ನ ಪಕ್ಕದ ಸೀಟಲ್ಲಿ ಇಡು. ಒಂದೇ ಒಂದು ಸಲ ಅದು ಪ್ರಯಾಣ ಮಾಡ್ಬೇಕು. ಆಮೇಲೆ ಮನೆಗೆ ಒಯ್ತೀನಿ."

ಹ್ಯೂಬರ್ಟ್ ಮಾತು ಕೊಟ್ಟ. ಕಂಬ ಬಿಚ್ಚಿ, ಗೋಣಿ ಸುತ್ತಿ, ನಮ್ಮ ಇಂಜಿನ್ ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದ. ಬೋಗಿಗೆ ಬೇರೆ ಚಕ್ರ ಹೊಂದಿಸಿದೆವು, ವರ್ಷಗಟ್ಟಲೆ ಕೆಲಸ ನಡೆಯಿತು. ಹೊಸ ತೇಗದ ಕಂಬಕ್ಕೆ ಅವನು ಬಳಿದ ವಾರ್ನಿಷಿನಲ್ಲಿ ಮುಖ ನೋಡಿ ಕ್ಷೌರ ಮಾಡಿಕೊಳ್ಳಬಹುದಿತ್ತು.

ನಮ್ಮಲ್ಲೊಂದು ಪದ್ಧತಿ ಇದೆ. ಯಾವ ಬೋಗಿ ಮೊದಲ ಸಲ ಹೊರಡುತ್ತದೋ, ಆ ದಿನ ಇಂಜಿನ್ನಿಗೆ ಮೊದಲ ಉರಿ ಆ ಬೋಗಿಯದೇ ಹಳೇ ಮರದಿಂದ. ಡಿಂಪ್ನಾಳ ಬೋಗಿ ಹೊರಡುವ ದಿನ ಬೆಂಕಿ ಹಾಕುವ ಸರದಿ ನಮ್ಮ ಜಾರ್ಲತ್‌ನದು. ಆನೆಯಂಥ ಆಳು, ಬೆಣ್ಣೆಯಂಥ ಮನಸ್ಸು. ಕಂಬದ ಕತೆ ಅವನ ಕಿವಿಗೆ ಬಿದ್ದಿರಲಿಲ್ಲ. ರಾಶಿಯಲ್ಲಿದ್ದ ಪುಡಿಮರ ಅವನಿಗೆ ಹಿಡಿಸಲಿಲ್ಲ.

ಹ್ಯೂಬರ್ಟ್ ಬೆಳಿಗ್ಗೆ ತೊಳೆದ ಕೋಟು ಹಾಕಿಕೊಂಡು ಬಂದು ಮೂಲೆ ನೋಡಿದ. "ಇಲ್ಲಿ ಗೋಣಿ ಸುತ್ತಿದ್ದ ಕಂಬ ಎಲ್ಲೋ?"

"ಅದಾ? ಎಂಥಾ ಮರ ಕಣೋ ಅದು! ಮೊದಲ ಉರಿ ಅದಕ್ಕೇ ಕೊಟ್ಟೆ. ನಿನ್ನ ಬೋಗಿಗೆ ಕಳಪೆ ಮರ ಹಾಕ್ತೀನಾ ನಾನು?"

ಹ್ಯೂಬರ್ಟ್ ಆ ತೊಳೆದ ಕೋಟಿನಲ್ಲೇ ಕಲ್ಲಿದ್ದಲಿನ ರಾಶಿಯ ಮೇಲೆ ಕುಸಿದು ಕೂತ. ಕತೆ ಕೇಳಿದ ಜಾರ್ಲತ್ ಇಂಜಿನ್ ಏರಿ ಒಲೆಯ ಬಾಗಿಲು ತೆಗೆದು ನೋಡಿದ. ಬಿಳಿ ಉರಿ ಬಿಟ್ಟರೆ ಒಳಗೆ ಏನೂ ಇರಲಿಲ್ಲ.

ಡಿಂಪ್ನಾ ನೀಲಿ ಕೋಟು ಹಾಕಿ, ಹಣ್ಣಿನ ಕೇಕಿನ ಡಬ್ಬಿ ಹಿಡಿದು ಬಂದಳು. ಟಿಕೆಟ್ ಕೊಡುವವನು ನಾನೇ. "ಒಂದು ಪೂರ್ತಿ, ಒಂದು ಅರ್ಧ" ಅಂದಳು. ಎರಡನ್ನೂ ಹರಿದು ಕೊಟ್ಟೆ. ಎರಡೂ ಟಿಕೆಟ್ ಹಿಡಿದು ಪ್ಲಾಟ್‌ಫಾರಮ್ಮಿನಲ್ಲಿ ಸುತ್ತ ನೋಡಿದಳು. "ಎಲ್ಲಪ್ಪಾ ಹ್ಯೂಬರ್ಟ್, ನನ್ನ ಜೊತೆಗಾರ?"

ಹ್ಯೂಬರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಡೆದದ್ದನ್ನು ನಡೆದ ಹಾಗೇ ಹೇಳಿದ. ಜಾರ್ಲತ್‌ನನ್ನು ಬೈಯಲಿಲ್ಲ. "ಜೋಪಾನ ಮಾಡ್ತೀನಿ ಅಂದೋನು ನಾನು" ಅಂದ.

ಡಿಂಪ್ನಾ ಬೆಂಚಿನ ಮೇಲೆ ಕೂತಳು. ಕೇಕಿನ ಡಬ್ಬಿಯ ಮುಚ್ಚಳ ಒತ್ತಿದಳು, ಮತ್ತೆ ಒತ್ತಿದಳು. ಜನ ದೂರ ಸರಿದರು. ಇಂಜಿನ್ ಮಾತ್ರ ಮೆಲ್ಲಗೆ ಉಸಿರಾಡುತ್ತಿತ್ತು.

ಬಹಳ ಹೊತ್ತಿನ ಮೇಲೆ ತಲೆ ಎತ್ತಿದಳು. "ಹೊತ್ತಿಕೊಂಡಿತಾ, ಚೆನ್ನಾಗಿ?"

ಇಂಜಿನ್ ಮೇಲಿಂದ ಜಾರ್ಲತ್ ಹೇಳಿದ, "ಒಂದೇ ಕಡ್ಡಿಗೆ, ಡಿಂಪ್ನಾ. ಒಂದೇ ಕಡ್ಡಿಗೆ."

ಅವಳು ಎದ್ದು ಇಂಜಿನ್ ಹತ್ತಿರ ಹೋದಳು. ಬಾಯ್ಲರಿನ ಕಾವಿಗೆ ಅಂಗೈ ಹಿಡಿದಳು, ಮಕ್ಕಳ ಹಣೆ ಮುಟ್ಟಿ ನೋಡುವ ಹಾಗೆ. "ಹಿಂದೆ ಕೂತು ಹೋಗೋ ಹುಡುಗ ಅಲ್ಲವೇ ಅಲ್ಲ ಅವನು" ಅಂದಳು. ಅರ್ಧ ಟಿಕೆಟ್ಟನ್ನು ಮೇಲಕ್ಕೆ ಚಾಚಿದಳು. "ಇದು ನಿನ್ನ ಕಡೆ ಹತ್ತಿದವನದು. ಟಿಕೆಟ್ಟಿಲ್ದೆ ಹೋದ ಅನ್ನಿಸ್ಕೋಬಾರ್ದು ನನ್ನ ಮಗ." ಜಾರ್ಲತ್ ಅದನ್ನು ಟೋಪಿಯ ಪಟ್ಟಿಗೆ ಸಿಕ್ಕಿಸಿಕೊಂಡ. ಮಸಿ ಹಿಡಿದ ಮುಖದ ಮೇಲೆ ಎರಡು ಬಿಳಿ ಗೆರೆ ಇಳಿದವು.

ಬೋಗಿ ಹತ್ತಿದ ಡಿಂಪ್ನಾ ಹೊಸ ಕಂಬದ ಮುಂದೆ ನಿಂತಳು. "ಚೂರಿ ಇದೆಯಾ ಹ್ಯೂಬರ್ಟ್?"

ಅವನು ಬಿಚ್ಚಿ ಕೊಡಲು ಹೋದ. "ನನಗಲ್ಲ. ನನ್ನ ಕೈ ನಡುಗುತ್ತೆ. ಕೊನೇ ಸಲ ಅಳೆದಾಗ ಅವನ ತಲೆ ನನ್ನ ಇಲ್ಲಿಗೆ ಬರ್ತಿತ್ತು." ಕೋಟಿನ ಎರಡನೇ ಗುಂಡಿಯನ್ನು ಮುಟ್ಟಿ ತೋರಿಸಿ, ಕಂಬಕ್ಕೆ ಒತ್ತಿ ನಿಂತಳು. ಹ್ಯೂಬರ್ಟ್ ಚೂರಿಯ ಮೊನೆ ಅಲ್ಲಿಗೆ ಇಟ್ಟ.

"ತಡಿ, ತಡಿ. ನಾನು ಈಗ ಕುಗ್ಗಿದೀನಿ. ಇನ್ನೊಂಚೂರು ಮೇಲೆ. ಇನ್ನೂ ಸ್ವಲ್ಪ. ಹಾಂ, ಅಲ್ಲಿ."

ಉಗುರು ತಾಗಿದರೂ ಊರು ಒಂದು ಮಾಡುತ್ತಿದ್ದ ಮನುಷ್ಯ ತನ್ನದೇ ವಾರ್ನಿಷಿನೊಳಕ್ಕೆ ಚೂರಿ ಇಳಿಸಿ ಒಂದು ಗೀರು ಕೊರೆದ.

ನಾನು ಸೀಟಿ ಊದಿದೆ. ಬೋಗಿ ಒಂದು ಸಲ ಜಗ್ಗಿತು, ಆಮೇಲೆ ಹೊರಟಿತು. ಸರೋವರ ಕಾಣುವ ತಿರುವಿನಲ್ಲಿ ಡಿಂಪ್ನಾ ಕೇಕಿನ ಡಬ್ಬಿ ತೆರೆದಳು. ಮೊದಲ ತುಂಡನ್ನು ಕಾಗದದಲ್ಲಿ ಸುತ್ತಿ, "ಇದು ಇಂಜಿನ್ನಿಗೆ" ಅಂದಳು.

ಆಮೇಲೂ ಬೇಸಿಗೆಯ ಭಾನುವಾರಗಳಲ್ಲಿ ಅವಳು ಅದೇ ಬಾಗಿಲ ಪಕ್ಕ ಕೂತು ಹೋಗಿ ಬರುತ್ತಿದ್ದಳು, ತೀರಿಕೊಳ್ಳುವವರೆಗೆ. ಹ್ಯೂಬರ್ಟ್ ಪ್ರತಿ ಚಳಿಗಾಲ ಆ ಕಂಬಕ್ಕೆ ವಾರ್ನಿಷ್ ಬಳಿಯುತ್ತಾನೆ. ಬಳಿದು ಮುಗಿದ ಮೇಲೆ ಬೆಂಕಿಕಡ್ಡಿಯೊಂದನ್ನು ತೆಗೆದುಕೊಂಡು, ಆ ಗೀರಿನೊಳಗೆ ನಿಂತ ವಾರ್ನಿಷನ್ನು ಮೆಲ್ಲಗೆ ಕೆದಕಿ ತೆಗೆಯುತ್ತಾನೆ, ತುಂಬಿ ಮುಚ್ಚದ ಹಾಗೆ.