ಕೊತ್ತಂಬರಿಗೆ ಚಪ್ಪಲಿ ಸೇವೆ

ಅಜ್ಜಿ ಚಪ್ಪಲಿ ಕಾಲನ್ನು ಕೊತ್ತಂಬರಿ ಬೀಜದ ಮೇಲಿಟ್ಟು ಉಜ್ಜತೊಡಗಿದಾಗ ನಾವು ಆರು ಜನ ಪದವೀಧರೆಯರು ಒಟ್ಟಿಗೇ ‘ಅಯ್ಯೋ’ ಎಂದು ಕೂಗಿದೆವು.

ಎಂಬತ್ತರ ದಶಕದ ಆರಂಭ ಅದು. ಕೆಲಸ ಸಿಗದೆ ಮನೆಯಲ್ಲಿದ್ದ ನಮಗೆ ತುಮಕೂರಿನ ಒಂದು ಖಾಲಿ ಸೈಟಿನಲ್ಲಿ ಸೊಪ್ಪು, ತರಕಾರಿ ಬೆಳೆಯುವ ತರಬೇತಿ ನಡೆಯುತ್ತಿತ್ತು. ಎರಡು ಸಲ ಬಿತ್ತಿದರೂ ಕೊತ್ತಂಬರಿ ತಲೆ ಎತ್ತಿರಲಿಲ್ಲ. ಇನ್ನು ಹದಿನೈದು ದಿನದಲ್ಲಿ ಪಾತಿ ಹಸಿರಾಗದಿದ್ದರೆ ಜಾಗ ಖಾಲಿ ಮಾಡಿ ಎಂದು ಸೈಟಿನ ಮಾಲೀಕರು ಹೇಳಿಬಿಟ್ಟಿದ್ದರು. ಅದಕ್ಕೇ ಊರ್ಡಿಗೆರೆಯಿಂದ ಸೊಪ್ಪು ಮಾರಲು ಬರುತ್ತಿದ್ದ ಈ ಅಜ್ಜಿಯನ್ನು ಕರೆತಂದಿದ್ದೆವು.

“ಬೀಜ ಉಜ್ಜಿ ಎರಡು ಹೋಳು ಮಾಡ್ಬೇಕು ಅಂತ ನಿಮ್ಗೆ ಯಾರೂ ಹೇಳ್ಲಿಲ್ವಾ?”

ಹೇಳಿದ್ದರು. ಚಪ್ಪಲಿಯಲ್ಲಿ ಉಜ್ಜಿ ಎಂಬ ತರಬೇತಿಯ ಮೇಷ್ಟರ ಮಾತನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದು, ಅಡಿಗೆರೆಯನ್ನೂ ಎಳೆದಿದ್ದೆವು. ಆದರೆ ತಿನ್ನುವ ಪದಾರ್ಥವನ್ನು ಚಪ್ಪಲಿಯಲ್ಲಿ ತುಳಿಯಲು ಮನಸ್ಸು ಬಾರದೆ, ಅರಿಶಿನ ಕುಂಕುಮವಿಟ್ಟು ಕೈಮುಗಿದು ಇಡೀ ಕಾಳನ್ನೇ ಬಿತ್ತಿದ್ದೆವು. ನಾನು ಅದನ್ನು ಒಪ್ಪಿಕೊಂಡಾಗ ಅಜ್ಜಿ ಸೊಂಟ ಹಿಡಿದುಕೊಂಡು ನಕ್ಕಳು.

“ಪೂಜೆ ಮಾಡೋದು ಬುಡ್ರವ್ವ. ಕೊತ್ಮಿರಿ ಏನು ವರ ಕೊಡಕ್ಕೆ ಬಂದದಾ? ಬನ್ನಿ, ತುಳೀರಿ!”

ಕಣ್ಣು ಮುಚ್ಚಿಕೊಂಡು ತುಳಿದೆವು. ಒಂಬತ್ತನೆಯ ದಿನ ಪಾತಿಯ ತುಂಬ ಮೊಳಕೆ. ಸೊಪ್ಪು ಬೆಳೆದು ಕೊಯ್ಲಿಗೆ ಬಂದಾಗ ಸೈಟಿನ ಮಾಲೀಕರೇ ಮೊದಲ ಕಟ್ಟು ಕೊಂಡರು.

ನನ್ನ ಡಿಗ್ರಿ ಸರ್ಟಿಫಿಕೇಟು ಈಗ ಯಾವ ಪೆಟ್ಟಿಗೆಯಲ್ಲಿದೆಯೋ ಗೊತ್ತಿಲ್ಲ. ತಾರಸಿಯಲ್ಲಿ ಬೀಜದ ಡಬ್ಬಿಯ ಪಕ್ಕ ಒಂದು ಜೊತೆ ಹಳೇ ಚಪ್ಪಲಿ ಮಾತ್ರ ಸದಾ ಇರುತ್ತದೆ. ಬೀಜವನ್ನು ಚೆನ್ನಾಗಿಯೇ ತುಳಿಯುತ್ತೇನೆ. ಆಮೇಲೆ, ಅಜ್ಜಿ ನೋಡುತ್ತಿಲ್ಲವಲ್ಲ, ನಾಲ್ಕು ಕಾಳನ್ನು ಮೆಲ್ಲನೆ ಕಣ್ಣಿಗೊತ್ತಿಕೊಳ್ಳುತ್ತೇನೆ.