ಕಂಕುಳಿನ ಅಳತೆ

ಮುನಿಲಕ್ಷ್ಮಿಗೊಂದು ಚಾಳಿ. ತಲೆಗೆ ಏನಾದರೂ ಹೊಕ್ಕಿತೋ, ಅದರ ಬುಡ ನೋಡುವ ತನಕ ಸುಮ್ಮನೆ ಕೂರುವವಳಲ್ಲ. ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದಾಳೆ. ಮಾರಿಕುಪ್ಪಂ ರೈಲಿಂದ ಇಳಿದ ಹೆಂಗಸರು ಬಟ್ಟೆಯ ಜೊತೆಗೆ ಮನೆಯ ಕಷ್ಟಸುಖವನ್ನೂ ಅಲ್ಲೇ ಇಳಿಸಿ ಹೋಗುತ್ತಾರೆ. ಯಾರ ತೋಳು ಎಷ್ಟು, ಯಾರ ಸೊಂಟ ಯಾವ ವರ್ಷ ಎಷ್ಟು ಬೆಳೆಯಿತು, ಎಲ್ಲವೂ ಅವಳ ಅಳತೆ ಪುಸ್ತಕದಲ್ಲಿದೆ.

ಗಣಿ ಊರಾದ ಚಾಂಪಿಯನ್ ರೀಫ್ಸಿನ ಇಂದ್ರಾಣಿ ತನ್ನ ತಮ್ಮನ ಮದುವೆಗೆಂದು ಮಗಳು ಸಹನಳಿಗೆ ಬ್ಲೌಸು ಹೊಲಿಸಲು ಬಂದಳು. ಸಹನ ಡಿಗ್ರಿ ಮೊದಲ ವರ್ಷ. ಮುನಿಲಕ್ಷ್ಮಿ ಟೇಪು ಹಿಡಿದು ಕೈ ಎತ್ತು ಅಂದರೆ ಹುಡುಗಿ ಎತ್ತಲೊಲ್ಲಳು. ಬ್ಯಾಗಿನಿಂದ ಹಳೆಯ ಬ್ಲೌಸು ತೆಗೆದು, "ಇದೇ ಅಳತೆ ಆಂಟಿ, ಸ್ವಲ್ಪ ಲೂಸ್ ಇಡಿ" ಎಂದಳು.

"ಅವ್ಳು ಎತ್ತಲ್ಲ ಬಿಡಕ್ಕ" ಇಂದ್ರಾಣಿ ನಕ್ಕಳು. "ಕಂಕುಳೆಲ್ಲ ಮಸಿ ಇಡ್ದಂಗೈತೆ. ನೆಟ್ಗೆ ಸ್ನಾನ ಮಾಡಲ್ಲ, ಗಲೀಜು. ನಿಂಬೆಅಣ್ಣು, ಸೋಡಾಪುಡಿ ಆಕಿ ನಾನೇ ಉಜ್ತಾ ಇವ್ನಿ. ಮದ್ವೆ ಒತ್ಗೆ ಬೆಳ್ಳಗಾಗ್ಬೇಕು."

ಸಹನ ತಲೆ ತಗ್ಗಿಸಿದಾಗ ಅವಳ ಕತ್ತಿನ ಹಿಂಭಾಗವೂ ದಪ್ಪಗೆ ಕಪ್ಪಾಗಿರುವುದು ಮುನಿಲಕ್ಷ್ಮಿಗೆ ಕಂಡಿತು.

ಮಧ್ಯಾಹ್ನ ಅಳತೆಗೆ ಕೊಟ್ಟ ಆ ಹಳೆಯ ಬ್ಲೌಸನ್ನು ಒಳಮೈ ಹೊರಳಿಸಿ ನೋಡಿದರೆ ಕಂಕುಳಿನ ಹತ್ತಿರ ಕಂದು ಕಲೆಗಳು. ಬೆವರಿನದಲ್ಲ, ಒಣಗಿದ ರಕ್ತ. ಮುನಿಲಕ್ಷ್ಮಿ ಉಗುರಿಂದ ಕೆರೆದು ನೋಡಿದಳು. ಚರ್ಮ ಕಿತ್ತು ಬರುವ ಹಾಗೆ ಉಜ್ಜಿದರೂ ಹೋಗದ ಕೊಳೆ ಅದ್ಯಾವುದಪ್ಪಾ?

ಮೊದಲು ಅನುಮಾನ ಬಂದದ್ದು ತನ್ನ ಕಸುಬಿನ ಮೇಲೇ. ತಾನೇ ಹೊಲಿದ ಆ ಬ್ಲೌಸಿನ ಲೈನಿಂಗ್ ಕಡುಬೂದು ಬಟ್ಟೆ. ಬೆವರಿಗೆ ಬಣ್ಣ ಬಿಡುತ್ತಿರಬಹುದೇ? ಅದೇ ಬಟ್ಟೆಯ ಚೂರನ್ನು ಉಪ್ಪುನೀರಲ್ಲಿ ಅದ್ದಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಸಂಜೆವರೆಗೂ ಕಂಕುಳಲ್ಲಿ ಇಟ್ಟುಕೊಂಡಳು. "ಏನೇ ಇದು, ಕಂಕುಳಲ್ಲಿ ಉಪ್ಪಿನ್ಕಾಯಿ ಆಕ್ತಿದೀಯಾ?" ಎಂದು ಗಂಡ ಮುನೇಶ್ ರೇಗಿಸಿದ. ಬಿಚ್ಚಿ ನೋಡಿದರೆ ಬಿಳಿ ಬಟ್ಟೆ ಬೆಳ್ಳಗೇ ಇತ್ತು.

ಹಾಗಾದರೆ ಇನ್ನೇನು? ಅಳತೆ ಪುಸ್ತಕ ತೆಗೆದಳು. ಕತ್ತು, ಕಂಕುಳು ಹೀಗೆ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದವರನ್ನು ನೆನೆದು ನೆನೆದು ಹೆಸರು ಹುಡುಕಿದಳು. ಆರು ಜನ ಸಿಕ್ಕರು. ಅವರಲ್ಲಿ ಐವರ ಸೊಂಟ ಮೂರ್ನಾಲ್ಕು ವರ್ಷದಲ್ಲಿ ಇಂಚುಗಟ್ಟಲೆ ಏರಿತ್ತು. ಮೂವರಿಗೆ ಸಕ್ಕರೆ ಕಾಯಿಲೆ, ಅವರ ಬಾಯಿಂದಲೇ ಕೇಳಿದ್ದು. ಎರಡು ಹೊತ್ತೂ ಸ್ನಾನ ಮಾಡುವ, ಮಡಿ ಮಡಿ ಎಂದು ಸಾಯುವ ಶ್ಯಾಮಲಕ್ಕನ ಹೆಸರೂ ಅದರಲ್ಲಿತ್ತು. ಕೊಳೆಯಾಗಿದ್ದರೆ ಅವಳಿಗೆ ಯಾಕೆ ಬರುತ್ತಿತ್ತು? ಪುಸ್ತಕದ ಹಳೆಯ ಅಳತೆಗೆ ಈ ಬ್ಲೌಸನ್ನು ಹೋಲಿಸಿದರೆ ಸಹನಳ ಸೊಂಟ ಎರಡೇ ವರ್ಷದಲ್ಲಿ ನಾಲ್ಕು ಇಂಚು ಏರಿತ್ತು.

ಇಂದ್ರಾಣಿ ಬ್ಲೌಸು ಕೇಳಲು ಬಂದಾಗ ಮುನಿಲಕ್ಷ್ಮಿ ಹೇಳಿಯೇಬಿಟ್ಟಳು, "ಇದು ಕೊಳೆ ಅಲ್ಲ ಕಣಮ್ಮ. ಮೊದ್ಲು ಮಗೀನ ಡಾಕ್ಟ್ರಿಗೆ ತೋರ್ಸು."

"ಬ್ಲೌಸ್ ಒಲಿಯೋಳು ನೀನು! ನಮ್ಮ್ ಮಗೀಗೆ ಕಾಯ್ಲೆ ಅಂಟಿಸ್ಬೇಡ."

ಮುನಿಲಕ್ಷ್ಮಿ ಹಳೆಯ ಬ್ಲೌಸನ್ನು ಒಳಮೈ ಹೊರಳಿಸಿ ಮೇಜಿನ ಮೇಲೆ ಹರಡಿದಳು. ಇಂದ್ರಾಣಿ ಆ ಕಲೆಗಳನ್ನು ನೋಡಿದಳು. ಒಂದರ ಮೇಲೆ ಬೆರಳಾಡಿಸಿದಳು. ಮರುದಿನ ತಾಯಿ, ಮಗಳು, ಮುನಿಲಕ್ಷ್ಮಿ ಮೂವರೂ ಆಸ್ಪತ್ರೆಗೆ ಹೋದರು.

ಡಾಕ್ಟರಮ್ಮ ಮೊದಲು ಕಂಕುಳನ್ನು, ಆಮೇಲೆ ಕತ್ತನ್ನು ಮುಟ್ಟಿ ನೋಡಿದರು. "ಗಲೀಜಲ್ಲ, ಚರ್ಮ ದಪ್ಪಗಾಗಿದೆ. ಕೆಲವರಿಗೆ ರೇಜರಿನಿಂದ, ಸೆಂಟಿನಿಂದ ಕಪ್ಪಾಗುತ್ತೆ. ಕತ್ತಿನಲ್ಲೂ ಹೀಗಿದ್ದರೆ ರಕ್ತ ನೋಡಲೇಬೇಕು. ಉಜ್ಜುವುದನ್ನು ಇವತ್ತೇ ಬಿಡಿ, ಉಜ್ಜಿದಷ್ಟೂ ಕಪ್ಪಾಗುತ್ತೆ."

ರಕ್ತ ಪರೀಕ್ಷೆ ಮಾಡಿಸಿದರೆ, ಸಹನ ಸಕ್ಕರೆ ಕಾಯಿಲೆಯ ಅಂಚಿಗೆ ಬಂದು ನಿಂತಿದ್ದಳು. ಊಟದಲ್ಲಿ ಹಿಡಿತ, ದಿನಾ ನಡಿಗೆ, ಗಾಯ ಮಾಗಿದ ಮೇಲೆ ಹಚ್ಚಲು ಮುಲಾಮು. ಒಳಗೆ ಸರಿಹೋದರೆ ಹೊರಗಿನ ಬಣ್ಣವೂ ನಿಧಾನಕ್ಕೆ ತಿಳಿಯಾದೀತು, ತಿಂಗಳುಗಳೇ ಹಿಡಿಯುತ್ತವೆ ಎಂದರು.

"ಮದ್ವೆ ಒತ್ಗೆ?" ಇಂದ್ರಾಣಿ ಕೇಳಿದಳು.

"ಮದುವೆಗೆ ಹೀಗೇ ಹೋಗಲಿ."

ಹೊರಗೆ ಬೆಂಚಿನ ಮೇಲೆ ಕುಳಿತದ್ದೇ ಇಂದ್ರಾಣಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. "ರಕ್ತ ಬರಂಗೆ ಉಜ್ಜಿದ್ನಲ್ಲೇ ನಿನ್ನ. ಗಲೀಜು ಗಲೀಜು ಅಂತ ಎಲ್ರ ಮುಂದೆ ಅಂದ್ನಲ್ಲೇ."

ಸಹನ ಅಮ್ಮನ ಜಡೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ನಿನ್ ಕತ್ತೂ ಇಂಗೇ ಐತಲ್ಲಮ್ಮ. ನಾನ್ಯಾವತ್ತಾದ್ರೂ ಗಲೀಜು ಅಂದ್ನಾ? ಎದ್ದೇಳು, ನೀನೂ ರಕ್ತ ಕೊಡು."