ಪಟ್ಟಿಯಲ್ಲಿ ನಾಲ್ಕನೆಯ ಹೆಸರು

ವರಲಕ್ಷ್ಮಮ್ಮನವರು ಹುಟ್ಟು ಪುಕ್ಕಲರಲ್ಲ. ಹೆದರುವುದನ್ನು ಅವರು ನಮ್ಮ ಕಚೇರಿಯಲ್ಲಿ ಕಲಿತರು. ಇಪ್ಪತ್ತೆರಡು ವರ್ಷ ಟಪಾಲು ವಿಭಾಗದಲ್ಲಿ ಕೂತು, ಬಂದ ಪತ್ರಕ್ಕೆಲ್ಲ ಮುದ್ರೆ ಒತ್ತಿದವರು. ಪತ್ರ ಯಾರ ಹೆಸರಿಗೇ ಬರಲಿ, ಸಾಹೇಬರ ಮೇಜಿಗೆ ಒಂದು ಪ್ರತಿ ಹೋಗದಿದ್ದರೆ ಸಂಜೆ ಬೈಗುಳ ಗ್ಯಾರಂಟಿ. ಬೈಸಿಕೊಂಡು ಬೈಸಿಕೊಂಡು ಪ್ರತಿ ಹಾಕುವುದು ಅವರ ಕೈಗೇ ರೂಢಿಯಾಗಿಬಿಟ್ಟಿತ್ತು.

ನಾನು ಅವರ ಪಕ್ಕದ ಮೇಜಿನವನು, ಅಂಕಪಟ್ಟಿ ವಿಭಾಗದ ಗುಮಾಸ್ತ. ಚಿಕ್ಕಬಳ್ಳಾಪುರದ ಹೊರಗಿರುವ ನಮ್ಮ ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ, ನನಗೂ ನೌಕರಿ ಬೇಕು. ನಾನು ಅಕ್ಕ ಎಂದೇ ಕರೆಯುವ ವರಲಕ್ಷ್ಮಮ್ಮನವರು ದಿನಾ ಚಿಂತಾಮಣಿಯಿಂದ ಬಸ್ಸಿನಲ್ಲಿ ಬಂದು, ಟಿಫನ್ ಡಬ್ಬಿ ಕಿಟಕಿಯಲ್ಲಿಟ್ಟು, ಕಂಪ್ಯೂಟರಿಗೆ ಕೈಮುಗಿದೇ ಕೆಲಸ ಶುರು ಮಾಡುವವರು. ನಾನು ಅದಕ್ಕೆ ಆಡಿಕೊಂಡು ನಗುತ್ತಿದ್ದೆ.

ಕಾಗದ ಹೋಗಿ ಇಮೇಲ್ ಬಂದಾಗ ಟಪಾಲಿನವರಿಗೇ ಅದರ ಕೆಲಸವನ್ನೂ ಕಟ್ಟಿದರು. ಅಲಿಯಾಸ್ ಮಾಡುವುದು ಅಕ್ಕನ ಪಾಲಿಗೆ ಬಂತು. ಅಲಿಯಾಸ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಪ್ರವೇಶಕ್ಕೆ ಒಂದು ವಿಳಾಸ, ವಿದ್ಯಾರ್ಥಿವೇತನಕ್ಕೆ ಒಂದು, ಹಾಸ್ಟೆಲಿಗೆ ಒಂದು. ಆ ವಿಳಾಸಕ್ಕೆ ಸ್ವಂತ ಡಬ್ಬಿ ಇರುವುದಿಲ್ಲ. ಅಲ್ಲಿಗೆ ಬಂದ ಮೇಲ್ ಅದರ ಹಿಂದಿನ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆಯೋ ಅವರೆಲ್ಲರ ಡಬ್ಬಿಗೂ ಹೋಗುತ್ತದೆ. ಅಧಿಕಾರಿ ಬದಲಾದರೆ ಪಟ್ಟಿಯಲ್ಲಿ ಹೆಸರು ಬದಲಾಯಿಸಿದರೆ ಸಾಕು. ಅಕ್ಕ ಎರಡೇ ತಿಂಗಳಲ್ಲಿ ಮೂವತ್ತು ಅಲಿಯಾಸ್ ಮಾಡಿ ಎಲ್ಲರಿಂದ ಭೇಷ್ ಅನ್ನಿಸಿಕೊಂಡರು. ಮೂವತ್ತರಲ್ಲೂ ಕೊನೆಯ ಹೆಸರು ಒಂದೇ: ನಮ್ಮ ಸಾಹೇಬರು, ಎಲ್ಲರೂ ಡಿಆರ್ ಎನ್ನುವ ಉಪ ಕುಲಸಚಿವ ವೆಂಕಟರವಣಪ್ಪನವರದು.

ಮೂವತ್ತೊಂದನೆಯದು ಹೆಣ್ಣುಮಕ್ಕಳ ದೂರಿನ ವಿಳಾಸ. ದೂರು ಕೇಳುವ ಸಮಿತಿಯ ಅಧ್ಯಕ್ಷೆ ಮೌನಿಕಾ ಮೇಡಮ್ ಚೀಟಿಯಲ್ಲಿ ಮೂರು ಹೆಸರು ಬರೆದುಕೊಟ್ಟಿದ್ದರು, ಮೂರೂ ಹೆಂಗಸರವು. ಅಕ್ಕ ಮೂರನ್ನೂ ಹಾಕಿದರು. ಆಮೇಲೆ ಕೈ ತನ್ನ ಪಾಡಿಗೆ ತಾನು ನಾಲ್ಕನೆಯದನ್ನೂ ಹಾಕಿತು. ನಾಲ್ಕು ತಿಂಗಳು ಆ ವಿಳಾಸಕ್ಕೆ ಒಂದು ಮೇಲೂ ಬರಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ.

ಫೆಬ್ರವರಿಯ ಒಂದು ಬೆಳಗ್ಗೆ ಎಂ.ಕಾಂ. ಓದುವ ಮೆಹ್ವಿಶ್ ಎಂಬ ಹುಡುಗಿ ಕೌಂಟರಿಗೆ ಬಂದಳು. ಶಿಡ್ಲಘಟ್ಟದವಳು. ಕೈಯಲ್ಲಿ ಫೋನು ಬಿಗಿಯಾಗಿ ಹಿಡಿದಿದ್ದಳು.

"ಮೇಡಮ್, ದೂರಿನ ಅಡ್ರೆಸ್‌ಗೆ ಮೇಲ್ ಹಾಕಿದ್ರೆ ಯಾರ್ಯಾರು ನೋಡ್ತಾರೆ?"

"ಕಮಿಟಿಯ ಮೂರು ಜನ ಮೇಡಮ್‌ಗಳು ಅಷ್ಟೇ ಕಣಮ್ಮ."

"ಡಿಆರ್ ಸಾರ್‌ಗೆ ಗೊತ್ತಾಗಲ್ಲ ಅಲ್ವಾ? ಅವ್ರ ಮೇಲೇನೇ ಬರ್ದು ನಿನ್ನೆ ರಾತ್ರಿ ಕಳ್ಸಿರೋದು." ಹುಡುಗಿಯ ದನಿ ಇಳಿಯಿತು. "ಸ್ಕಾಲರ್‌ಶಿಪ್ ಸೈನ್ ಅಂತ ಕರೀತಾರೆ ಮೇಡಮ್. ಎಲ್ರೂ ಹೋಗೋ ತನಕ ಚೇಂಬರಲ್ಲೇ ಕೂರಿಸ್ಕೋತಾರೆ. ಮನೇಲಿ ಗೊತ್ತಾದ್ರೆ ಓದೇ ಬಿಡಿಸಿಬಿಡ್ತಾರೆ. ಅದಕ್ಕೆ ಕೇಳ್ದೆ."

ಅವಳು ಕ್ಯಾಂಟೀನಿನ ಕಡೆ ಹೋದಳು. ಅಕ್ಕ ಸಮಾಧಾನಕ್ಕೆಂದು ಪಟ್ಟಿ ತೆರೆದು ನೋಡಿದರು. ನಾಲ್ಕು ಹೆಸರು. ನಾನು ಅಂಕಪಟ್ಟಿ ಎಣಿಸುತ್ತಿದ್ದವನು ತಿರುಗಿ ನೋಡಿದರೆ ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಯ್ಯೋ ದೇವುಡಾ, ಏನ್ ಮಾಡ್ಬಿಟ್ಟೆ ಕಣಪ್ಪ ನಾನು?"

ತಕ್ಷಣ ಆ ಹೆಸರು ಅಳಿಸಿದರು. ಅಳಿಸಿದರೆ ಮುಂದೆ ಬರುವ ಮೇಲ್ ನಿಲ್ಲುತ್ತದೆ, ಹೋದದ್ದು ಹೋಯಿತು. ಅದೂ ಅಲ್ಲದೆ, ಹೆಸರು ತೆಗೆದರೆ ತೆಗೆಸಿಕೊಂಡವರಿಗೆ ಕಂಪ್ಯೂಟರೇ ಒಂದು ಸೂಚನೆ ಕಳಿಸುತ್ತದೆ. ಅದು ಅಕ್ಕನಿಗೆ ಆ ಗಾಬರಿಯಲ್ಲಿ ನೆನಪಾಗಲಿಲ್ಲ. ಐದು ನಿಮಿಷಕ್ಕೆ ಇಂಟರ್‌ಕಾಮ್ ಹೊಡೆಯಿತು.

ಚೇಂಬರಿನಲ್ಲಿ ನಡೆದದ್ದನ್ನು ಅಕ್ಕನೇ ಬಂದು ಹೇಳಿದರು. ವೆಂಕಟರವಣಪ್ಪ ದನಿ ಎತ್ತಲಿಲ್ಲವಂತೆ, ಕೂತ್ಕೊಳ್ಳಿ ಅಂದರಂತೆ. ಇಪ್ಪತ್ತೆರಡು ವರ್ಷದಲ್ಲಿ ಅವರು ಕೂರಲು ಹೇಳಿದ್ದು ಅದೇ ಮೊದಲು, ಅದಕ್ಕೇ ಅಕ್ಕ ಕುರ್ಚಿಯ ಅಂಚಿನಲ್ಲಿ ಕೂತರಂತೆ.

"ನನ್ ಹೆಸರು ಸೇರ್ಸಿದ್ದು ನೀವು, ನಿಮ್ ಐಡಿಯಿಂದ. ನಾನೇನ್ ಕೇಳಿರ್ಲಿಲ್ಲ. ಹೊರಗೆ ಬಂದ್ರೆ ಕೆಲಸ ಹೋಗೋದು ನಿಮ್ದು. ಸುಮ್ನೆ ಇದ್ಬಿಡಿ. ಸಾಯಂಕಾಲ ಆ ಹುಡ್ಗಿ ಅಪ್ಪನಿಗೆ ಫೋನ್ ಮಾಡಿ, ನಿಮ್ ಮಗಳ ನಡತೆ ಸರಿ ಇಲ್ಲ ಅಂತ ಹೇಳ್ತೀನಿ. ಅವ್ನೇ ಕಾಲೇಜ್ ಬಿಡಿಸ್ಕೊಂಡು ಹೋಗ್ತಾನೆ. ಎಲ್ಲಾರ್ಗೂ ಒಳ್ಳೇದು."

ಅಕ್ಕ ಮೌನಿಕಾ ಮೇಡಮ್‌ಗೆ ಫೋನು ಮಾಡಿದರೆ ಅವರು ಮೌಲ್ಯಮಾಪನಕ್ಕೆಂದು ಬೆಂಗಳೂರಿನಲ್ಲಿದ್ದರು. ಮೇಲ್ ಓದಿದ್ದೇನೆ, ನಡೆದದ್ದನ್ನೆಲ್ಲ ಬರೆದು ಕಳಿಸಿ, ನಾಳೆ ಹತ್ತಕ್ಕೆ ಸಮಿತಿ ಕೂರಿಸುತ್ತೇನೆ ಎಂದರು. ಆದರೆ ಸಂಜೆಯ ಫೋನು ನಾಳೆಯವರೆಗೆ ಕಾಯುವುದಿಲ್ಲವಲ್ಲ.

ನಾನು ಆಗ ಏನು ಹೇಳಿದೆ ಎಂಬುದನ್ನು ಮುಚ್ಚಿಡುವುದಿಲ್ಲ. "ಅಕ್ಕ, ರಿಟೈರ್ ಆಗಕ್ಕೆ ಆರು ವರ್ಷ ಇದೆ. ನಮಗ್ಯಾಕೆ ಇಲ್ಲದ ಉಸಾಬರಿ?" ಎಂದೆ. ಈಗಲೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಕ್ಕ ತಮ್ಮ ಮೇಜಿಗೆ ತಿರುಗಿದರು. ನಾಲ್ಕನೆಯ ಹೆಸರು ಸೇರಿಸಿದವಳು ನಾನೇ ಎಂದು ಮೌನಿಕಾ ಮೇಡಮ್‌ಗೆ ನಾಲ್ಕು ಸಾಲು ಟೈಪು ಮಾಡಿ ಕಳಿಸಿದರು. ಆಮೇಲೆ ಕ್ಯಾಂಟೀನಿಗೆ ಹೋದರು, ನಾನೂ ಹಿಂದೆ ಹೋದೆ.

"ನಿನ್ ಹೆಸ್ರು ನಾನೇ ಅವ್ರ ಕೈಗೆ ಕೊಟ್ಬಿಟ್ಟೆ ಕಣಮ್ಮ," ಎಂದು ಶುರುಮಾಡಿ ಎಲ್ಲ ಹೇಳಿದರು. ಹುಡುಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಫೋನನ್ನು ಮೇಜಿನ ಮೇಲೆ ಮಕಾಡೆ ಇಟ್ಟು, "ನಮ್ ಅಬ್ಬಾ ಆ ಸಾರ್ ಮಾತೇ ನಂಬ್ತಾರೆ. ಆಫೀಸರ್ ಅಲ್ವಾ," ಎಂದಳು.

"ಅವ್ರ ಫೋನ್ ಬರೋಕ್ ಮುಂಚೆ ನೀನೇ ಹೇಳು. ನಾನೂ ಬರ್ತೀನಿ. ತಪ್ಪು ನಂದು."

ಹುಡುಗಿ ಫೋನು ಬ್ಯಾಗಿಗೆ ಹಾಕಿಕೊಂಡು ಎದ್ದಳು. ಇಬ್ಬರನ್ನೂ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರೋಣ ಎಂದು ಹೊರಟ ನಾನು, ನಾಚಿಕೆಗೆ ಬಸ್ಸನ್ನೂ ಹತ್ತಿದೆ. ಅಕ್ಕ ದಿನಾ ಶಿಡ್ಲಘಟ್ಟವನ್ನು ದಾಟಿಕೊಂಡೇ ಓಡಾಡುತ್ತಿದ್ದರೂ ಅಲ್ಲಿ ಎಂದೂ ಇಳಿದವರಲ್ಲ. ದಾರಿಯುದ್ದಕ್ಕೂ ಯಾರ ಫೋನು ಹೊಡೆದರೂ ಮೂವರೂ ಬೆಚ್ಚುತ್ತಿದ್ದೆವು.

ಮೆಹ್ವಿಶ್‌ಳ ತಂದೆ ಲಾಲ್ ಬಾಷಾ ರೇಷ್ಮೆ ನೂಲು ತೆಗೆಸುವವರು. ಮನೆಯ ಹಿಂದೆಯೇ ಗೂಡು ಬೇಯಿಸುವ ಶೆಡ್ಡು, ವಾಸನೆ ನಡುಮನೆಯವರೆಗೂ ಇತ್ತು. ಮಗಳ ಜೊತೆ ಕಚೇರಿಯವರು ಇಬ್ಬರು ಬಂದದ್ದು ಕಂಡು ಗಾಬರಿಯಾಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು.

"ಏನಾಯ್ತು ಮೇಡಮ್? ಫೇಲಾದ್ಲಾ?"

ಹುಡುಗಿ ಬಾಯಿ ತೆರೆದಳು. ಅಷ್ಟರಲ್ಲಿ ಬಾಷಾ ಅವರ ಜೇಬಿನಲ್ಲಿ ಫೋನು ಹೊಡೆಯಿತು. ಅವರು ತೆಗೆದು ನೋಡಿದರು. ಪಕ್ಕದಲ್ಲಿದ್ದ ಅಕ್ಕನಿಗೂ ನಂಬರು ಕಂಡಿತು. ದಿನಕ್ಕೆ ಹತ್ತು ಸಲ ತಾವೇ ಒತ್ತುವ ಸಾಹೇಬರ ನಂಬರು ಅದು.

"ಎತ್ಬೇಡಿ ಅಣ್ಣ!" ಅಕ್ಕ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಿಮ್ಗೆ ಕೈ ಮುಗೀತೀನಿ. ಮೊದ್ಲು ನಿಮ್ ಮಗಳ ಮಾತು ಕೇಳಿ. ಆಮೇಲೆ ಯಾರ್ ಮಾತ್ ಬೇಕಾದ್ರೂ ಕೇಳಿ."

ಫೋನು ಹೊಡೆದು ಹೊಡೆದು ನಿಂತಿತು. ಮೆಹ್ವಿಶ್ ಉರ್ದುವಿನಲ್ಲಿ ಹೇಳತೊಡಗಿದಳು. ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಬಾಷಾ ಮಗಳ ಕಡೆ ನೋಡಲೇ ಇಲ್ಲ, ನೆಲ ನೋಡುತ್ತ ನಿಂತಿದ್ದರು. ಈ ಮನುಷ್ಯ ಈಗ ಕೈ ಎತ್ತುತ್ತಾನೆ ಎಂದುಕೊಂಡು ನಾನು ಬಾಗಿಲ ಕಡೆ ಸರಿದೆ. ಅಕ್ಕ ಹುಡುಗಿಯ ಪಕ್ಕಕ್ಕೆ ಸರಿದರು.

ಫೋನು ಮತ್ತೆ ಹೊಡೆಯಿತು. ಈ ಸಲ ಬಾಷಾ ಎತ್ತಿದರು. ಆ ಕಡೆಯ ಮಾತನ್ನು ಅರ್ಧ ನಿಮಿಷ ಕೇಳಿದರು.

"ಆಯ್ತು ಸಾರ್," ಎಂದರು. "ನಾಳೆ ಬರ್ತೀನಿ. ಬಿಡಿಸ್ಕೊಂಡು ಹೋಗಕ್ಕಲ್ಲ. ನನ್ ಮಗಳು ಬರ್ದಿರೋದನ್ನ ನಿಮ್ ಎದುರಿಗೇ ಓದಿಸಕ್ಕೆ."

ಅಕ್ಕ ಕೈ ಚಾಚಿದರು. ಬಾಷಾ ಫೋನು ಕೊಟ್ಟರು.

"ಸಾರ್, ನಾನು ವರಲಕ್ಷ್ಮಮ್ಮ. ಇಲ್ಲೇ ಇದೀನಿ. ನಾಲ್ಕನೇ ಹೆಸ್ರು ನಾನೇ ಹಾಕ್ದೆ ಅಂತ ಮೌನಿಕಾ ಮೇಡಮ್‌ಗೆ ಬರ್ದು ಕಳ್ಸಿದೀನಿ. ನೀವ್ ಚೇಂಬರಲ್ಲಿ ಅಂದಿದ್ದನ್ನ ನಾಳೆ ಕಮಿಟಿ ಮುಂದೆ ಹೇಳ್ತೀನಿ."

ಆ ಕಡೆ ಫೋನು ಇಟ್ಟದ್ದು ನನಗೂ ಕೇಳಿಸಿತು. ಅಕ್ಕ ಫೋನನ್ನು ಕಿವಿಯಿಂದ ಇಳಿಸಲಿಲ್ಲ, ಬೆರಳು ಅದರ ಸುತ್ತ ಸೆಟೆದುಹೋಗಿದ್ದವು. ಮೆಹ್ವಿಶ್ ಒಂದೊಂದೇ ಬೆರಳು ಬಿಡಿಸಬೇಕಾಯಿತು.

"ಹೆದರ್ಕೋಬೇಡಿ ಮೇಡಮ್," ಎಂದಳು ಹುಡುಗಿ.

"ಹೆದರ್ಕೆ ಹೋಗ್ತಿಲ್ಲ ಕಣಮ್ಮ," ಎಂದರು ಅಕ್ಕ. "ಹೆದರ್ಕೊಂಡೇ ಬರ್ತೀನಿ ನಾಳೆ."